ವಾಸಪ್ಪ ಮೇಷ್ಟ್ರ ಬೇಸ್‌ಬಾಲ್ ಮಾನಪತ್ರ

ಕೊಪ್ಪದ ಸುತ್ತಮುತ್ತ ಯಾರು ನಿವೃತ್ತರಾದರೂ, ಯಾರಿಗೆ ವರ್ಗವಾದರೂ ಮಾನಪತ್ರ ಬರೆಯುವವರು ವಾಸಪ್ಪ ಮೇಷ್ಟ್ರೇ. ಸಭೆಯಲ್ಲಿ ಅದನ್ನು ಓದಿ ಮುಗಿಸಿ ಕೊನೆಗೆ ಅವರ ಹೆಸರು ಹೇಳಿದಾಗ ಚಪ್ಪಾಳೆ ಬೀಳುತ್ತಿತ್ತು. ಆ ಚಪ್ಪಾಳೆಗಾಗಿಯೇ ಅವರು ಬದುಕಿದ್ದರು ಎಂದರೂ ತಪ್ಪಿಲ್ಲ. ಆಫೀಸಿಗೆ ಹನ್ನೊಂದಕ್ಕೆ ಬಂದು ಮೂರಕ್ಕೆ ಹೋಗುತ್ತಿದ್ದವನು ಅವರ ಕೈಯಲ್ಲಿ ಕಾಯಕಯೋಗಿ. ಎದುರು ಸಿಕ್ಕವರನ್ನೆಲ್ಲ ಬೈಯುತ್ತಿದ್ದವನು ಮೃದುಭಾಷಿ. ಮೂವತ್ತು ವರ್ಷದಲ್ಲಿ ಅವರ ಒಂದಕ್ಷರವನ್ನೂ ಯಾರೂ ಹೊಡೆದುಹಾಕಿರಲಿಲ್ಲ.

ಎರಡು ಸಾವಿರದ ಏಳರಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಪ್ರದೀಪ ಇಂಟರ್ನೆಟ್ ಅಂಗಡಿ ಇಟ್ಟ. ಮೇಷ್ಟ್ರು ಮೊದಲು ತಮ್ಮ ಹೆಸರು ಹುಡುಕಿದರು, ಸಿಗಲಿಲ್ಲ. ಅಲ್ಲಿ ಇಲ್ಲಿ ಒತ್ತುತ್ತಾ ಇಂಗ್ಲಿಷಿನ ವಿಶ್ವಕೋಶವೊಂದಕ್ಕೆ ಹೋಗಿ ಬಿದ್ದರು. ಅಲ್ಲೊಬ್ಬ ಹೆನ್ರಿ ಕಾಲ್ಡರ್, ತೊಂಬತ್ತು ವರ್ಷದ ಹಿಂದೆ ಅಮೆರಿಕದಲ್ಲಿ ಬೇಸ್‌ಬಾಲ್ ಆಡಿದವನು. ಅವನ ಬಗ್ಗೆ ಇದ್ದದ್ದು ಎಂಟು ಸಾಲು, ಆರರಲ್ಲಿ ವ್ಯಾಕರಣ ತಪ್ಪು. ಈ ಬರಹ ಚೆನ್ನಾಗಿಲ್ಲ, ಯಾರು ಬೇಕಾದರೂ ತಿದ್ದಬಹುದು ಎಂದು ಮೇಲೆ ಬೇರೆ ಬರೆದಿತ್ತು. ಇಂಗ್ಲಿಷ್ ಪಾಠ ಹೇಳಿ ನಿವೃತ್ತರಾದವರಿಗೆ ಅಷ್ಟು ಸಾಕು. ಬೇಸ್‌ಬಾಲ್ ಎಂದರೆ ಲಗೋರಿಯ ಥರವೋ ಕ್ರಿಕೆಟ್ಟಿನ ಥರವೋ ಅವರಿಗೆ ಗೊತ್ತಿರಲಿಲ್ಲ. ಆದರೆ ಒಬ್ಬನ ಬಗ್ಗೆ ಬರೆಯಲು ಅವನ ಬಗ್ಗೆ ತಿಳಿದಿರಬೇಕೆಂದು ಅವರು ಯಾವತ್ತೂ ಭಾವಿಸಿದವರಲ್ಲ.

'ಓ ವಿಶಾಲಹೃದಯಿಯೇ' ಎಂದು ಇಂಗ್ಲಿಷಿನಲ್ಲೇ ಸಂಬೋಧಿಸಿ ಎರಡು ಪುಟ ಬರೆದರು. ಕಾಲ್ಡರ್ ಒಮ್ಮೆ ಅಂಪೈರಿಗೆ ಹೊಡೆದು ಆಟದಿಂದ ಹೊರಬಿದ್ದ ಸಂಗತಿ ಶುಭಸಮಾರಂಭಕ್ಕೆ ತಕ್ಕದ್ದಲ್ಲವೆಂದು ತೆಗೆದುಹಾಕಿದರು. ವಿಶ್ವಕೋಶಕ್ಕೆ ಹಾಕಿದ ಹತ್ತೇ ನಿಮಿಷದಲ್ಲಿ ಬರೆದದ್ದೆಲ್ಲ ಮಾಯ. ಯಾವುದೋ ದೇಶದ ಯಾರೋ ಒಬ್ಬ ಅಂಪೈರನ್ನು ವಾಪಸು ತಂದು ಕೂರಿಸಿ, ಇದಕ್ಕೆಲ್ಲ ಆಧಾರ ಎಲ್ಲಿ ಎಂದು ಕೇಳಿದ್ದ.

"ನಂಗೇ ಆಧಾರ ಕೇಳ್ತಾನಲ್ಲ ಮಾರಾಯ, ಎಂತ ಸೊಕ್ಕು ಅವನಿಗೆ," ಎಂದರು ಮೇಷ್ಟ್ರು.

"ನೀವು ಆ ಕಾಲ್ಡರನ್ನ ಕಂಡಿದ್ರಾ ಮೇಷ್ಟ್ರೇ?" ಎಂದ ಪ್ರದೀಪ. "ಕಂಡಿದ್ರೆ ಹೊಗಳೂದು ಇನ್ನೂ ಕಷ್ಟ ಆಗ್ತಿತ್ತು."

ಮೇಷ್ಟ್ರು ಸೋತು ಮನೆಗೆ ಹೋಗುವವರಲ್ಲ. ಎಂಟು ತಿಂಗಳು ಅಲ್ಲೇ ಕೂತು ಅಮೆರಿಕದ ಹಳೆಯ ಪತ್ರಿಕೆಗಳನ್ನು ತಡಕಿ, ಸಾಲು ಸಾಲಿಗೂ ಆಧಾರ ಕೊಟ್ಟು, ಹೊಗಳಿಕೆಯನ್ನೆಲ್ಲ ಗದ್ದೆಯ ಕಳೆ ಕಿತ್ತಂತೆ ಕಿತ್ತು ಒಗೆದರು. ಕೊನೆಗೆ ಅದಕ್ಕೆ ಒಳ್ಳೆಯ ಬರಹ ಎಂಬ ಹಸಿರು ಗುರುತು ಬಿತ್ತು. ಅಂದಿನಿಂದ ಅವರ ಕಾಲು ನೆಲದ ಮೇಲಿಲ್ಲ. ಹೆಂಡತಿ ವನಜಮ್ಮ ಪಕ್ಕದ ಮನೆಯ ಸುದ್ದಿ ಹೇಳಿದರೂ ಎಲ್ಲಿ ಅಚ್ಚಾಗಿದೆ ಎಂದು ಕೇಳತೊಡಗಿದರು.

ಅದೇ ಬಿಸಿಯಲ್ಲಿ ಅಡ್ಡಗದ್ದೆ ಕಡೆಯ ವೃಷಭೇಂದ್ರಪ್ಪನವರ ಸನ್ಮಾನ ಬಂತು. ರೈತರ ಸಂಘವೊಂದಕ್ಕೆ ಮೂವತ್ತಮೂರು ವರ್ಷ ಕಾರ್ಯದರ್ಶಿಯಾಗಿದ್ದವರು. ಮೇಷ್ಟ್ರು ಸಂಘಕ್ಕೆ ಹೋಗಿ ಕಡತ ತೆಗೆಸಿ ನೋಡಿ ಮಾನಪತ್ರ ಬರೆದರು. ಓದಿದ ವನಜಮ್ಮ ಬೆವರಿದರು.

"ಇದನ್ನ ಓದ್ಬೇಡಿ. ಇನ್ನು ನಿಮ್ಮನ್ನ ಯಾರೂ ಕರೆಯೂದಿಲ್ಲ."

ಅಮೆರಿಕದವರೇ ಒಪ್ಪಿದ್ದಾರೆ, ಅಡ್ಡಗದ್ದೆಯವರು ಒಪ್ಪದೆ ಎಲ್ಲಿಗೆ ಹೋಗುತ್ತಾರೆ ಎಂದು ಮೇಷ್ಟ್ರು ಹೊರಟೇಬಿಟ್ಟರು.

ಸಭೆ ತುಂಬಿತ್ತು. ಮೇಷ್ಟ್ರು ಗಂಟಲು ಸರಿಮಾಡಿಕೊಂಡು ಓದಿದರು: "ಇವರು ಸಾವಿರದ ಒಂಬೈನೂರ ಎಪ್ಪತ್ತೈದರಲ್ಲಿ ಕೆಲಸಕ್ಕೆ ಸೇರಿದರು. ಕಡತದ ಪ್ರಕಾರ, ತಡವಾಗಿ ಬಂದದ್ದಕ್ಕೆ ಹನ್ನೊಂದು ನೋಟಿಸು ಪಡೆದಿದ್ದಾರೆ. ಜನಾನುರಾಗಿ ಎಂದು ಕೆಲವರು ಹೇಳುತ್ತಾರೆ. ಅದಕ್ಕೆ ಆಧಾರ ದೊರೆತಿಲ್ಲ."

ವೃಷಭೇಂದ್ರಪ್ಪ ಕೊರಳಿನ ಹಾರ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು. "ಮೇಷ್ಟ್ರೇ, ನಿಮ್ಮ ಸನ್ಮಾನದ ದಿನ ಶಾಲೆಯ ಹಾಜರಿ ಪುಸ್ತಕ ನಾವ್ಯಾರೂ ತೆಗೆಸಿರ್ಲಿಲ್ಲ," ಎಂದರು. ಆಗ ಬಿತ್ತು ನೋಡಿ ಚಪ್ಪಾಳೆ.

ವನಜಮ್ಮ ಹೇಳಿದ ಹಾಗೇ ಆಯಿತು. ನಾಲ್ಕು ತಿಂಗಳು ಮನೆಯ ಮೆಟ್ಟಿಲನ್ನು ಯಾರೂ ಹತ್ತಲಿಲ್ಲ. ಆಮೇಲೆ ಕಿಗ್ಗದಿಂದ ಇಬ್ಬರು ಬಂದು ಹಿಂದೆಮುಂದೆ ನೋಡುತ್ತಾ ನಿಂತರು. "ಹೊಸದು ಬೇಡ ಮೇಷ್ಟ್ರೇ. ಹಳೇದು ಯಾವ್ದಾದ್ರೂ ಇದ್ರೆ ಕೊಡಿ, ಹೆಸರು ನಾವೇ ಬದಲಾಯಿಸ್ಕಳ್ತೇವೆ."

ಮೇಷ್ಟ್ರು ಪೆಟ್ಟಿಗೆಯಿಂದ ಒಂದನ್ನು ತೆಗೆದುಕೊಟ್ಟರು. ಸುಳ್ಳಿನ ಕೆಳಗೆ ತಮ್ಮ ಹೆಸರು ಮಾತ್ರ ಓದಬಾರದು ಎಂದು ಷರತ್ತು ಹಾಕಿದರು. ಬಂದವರಿಗೂ ಅದೇ ಬೇಕಿತ್ತು.

ಕರೆಯದಿದ್ದರೂ ಆ ಸಭೆಗೆ ಹೋಗಿ ಎರಡನೇ ಸಾಲಿನಲ್ಲಿ ಕೂತರು. 'ಅಜಾತಶತ್ರುಗಳೇ' ಎಂದು ಓದಿದಾಗ ಪಕ್ಕದಲ್ಲಿದ್ದವರು, ಎಷ್ಟು ಚಂದ ಬರೆದಿದ್ದಾರೆ, ಯಾರಂತೆ ಎಂದು ಕೇಳಿದರು. ತಮಗೆ ಗೊತ್ತಿಲ್ಲವೆಂದು ಹೇಳಿ ಮೇಷ್ಟ್ರು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು.