ಜಾಡಿಯ ಮೇಲೆ ನಾಲ್ಕು ಬೆರಳು ಎಣ್ಣೆ

ಇದನ್ನು ಬರೆಯಬೇಕೆಂದು ಕೂತು ಮೂರು ವಾರ ಈ ಅಂಕಣಕ್ಕೆ ಬೇರೇನೋ ಬರೆದು ಕಳಿಸಿದೆ. ಒಮ್ಮೆ ಬಸ್ ಸ್ಟ್ಯಾಂಡಿನ ನಲ್ಲಿ, ಒಮ್ಮೆ ನನ್ನ ಮೊಣಕಾಲು, ಹೋದ ವಾರ ಸೊಳ್ಳೆ. ನೀವೂ ಪಾಪ ಓದಿದಿರಿ. ಇವತ್ತು ತಪ್ಪಿಸಿಕೊಳ್ಳುವುದಿಲ್ಲ. ಹತ್ತು ವರ್ಷದ ಹಿಂದೆ ನಾನೊಂದು ಉಪ್ಪಿನಕಾಯಿ ಜಾಡಿ ಕೆಡಿಸಿದೆ. ಬೈಸಿಕೊಂಡದ್ದು ಮಾತ್ರ ಬೇರೆಯವರು.

ನನ್ನ ಸೊಸೆ ಗಂಗಾವತಿ ಹತ್ತಿರದ ಮರಳಿಯ ಕಡೆಯವಳು. ಕಾಲುವೆ ನೀರಿನ ಊರು, ಮನೆಮಾತು ತೆಲುಗು. ನಾವು ಕೊಪ್ಪಳದ ಮಗ್ಗುಲ ಭಾಗ್ಯನಗರದವರು, ರೊಟ್ಟಿ ತಿನ್ನುವ ಮಂದಿ. ಮಗ ಇಷ್ಟಪಟ್ಟ, ಮದುವೆಯಾಯಿತು. ಅನ್ನಕ್ಕೂ ರೊಟ್ಟಿಗೂ ಹೊಂದಿಕೆಯಾಗುವುದು ಕಷ್ಟವೇನಲ್ಲ. ಜಗಳ ಇರುವುದು ಚಟ್ನಿ, ಉಪ್ಪಿನಕಾಯಿ ಬೀಳುವ ತಟ್ಟೆಯ ಅಂಚಿನಲ್ಲಿ.

ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದವನು ನಾನು. ಎಲ್ಲರ ಬುತ್ತಿಯೂ ಗೊತ್ತು. ಕುಷ್ಟಗಿಯವರು ಗಂಟು ಬಿಚ್ಚಿದರೆ ಅಗಸಿ ಚಟ್ನಿ. ಯಲಬುರ್ಗಾದವರದು ಗುರೆಳ್ಳು. ನಮ್ಮ ಡ್ರೈವರ್ ಖಾಜಾಸಾಬರ ಡಬ್ಬಿಯಲ್ಲಿ ಇಡೀ ಬೆಳ್ಳುಳ್ಳಿಯ ಅಚಾರ. ನಮ್ಮ ಮನೆಯದೆಲ್ಲ ಒಣ ವ್ಯವಹಾರ. ಚಟ್ನಿಪುಡಿ ಹಾಕಿಕೊಂಡು, ನಡುವೆ ಗುಂಡಿ ಮಾಡಿ, ಉಣ್ಣುವ ಹೊತ್ತಿಗೆ ಎಣ್ಣೆ ಬಿಟ್ಟುಕೊಳ್ಳುತ್ತೇವೆ. ಲಿಂಬಿಕಾಯಿಗೆ ಉಪ್ಪೇ ದೇವರು. ವರ್ಷ ಕಳೆದಷ್ಟೂ ಕಪ್ಪಾಗುತ್ತದೆ, ಎಣ್ಣೆಯ ಹಂಗಿಲ್ಲ. (ಪುಂಡಿ ಸೊಪ್ಪನ್ನೇ ನೋಡಿ. ನಾವು ಜೋಳದ ನುಚ್ಚು ಹಾಕಿ ಪಲ್ಯ ಮಾಡಿ ಅವತ್ತೇ ಮುಗಿಸುತ್ತೇವೆ. ಸೊಸೆಯ ಕಡೆಯವರು ಅದನ್ನೇ ಎಣ್ಣೆಯಲ್ಲಿ ಹುರಿದು, ಖಾರ ಕುಟ್ಟಿ, ವರ್ಷಕ್ಕೆ ಇಡುತ್ತಾರೆ.)

ಮದುವೆಯಾದ ಮೊದಲ ಬೇಸಿಗೆ ಸೊಸೆ ಆವಕಾಯಿ ಹಾಕಿದಳು. ಮಾವಿನಕಾಯಿ ಗೊರಟೆ ಸಮೇತ ಕಡಿಸಿ, ಒಂದೊಂದು ಹೋಳನ್ನೂ ಬಟ್ಟೆಯಿಂದ ಒರೆಸಿ, ಸಾಸಿವೆ ಪುಡಿ, ಖಾರದ ಪುಡಿ, ಉಪ್ಪು ಕಲಸಿ ಜಾಡಿ ತುಂಬಿದಳು. ಮೇಲೆ ನಾಲ್ಕು ಬೆರಳು ಎಣ್ಣೆ.

"ಇಷ್ಟ್ಯಾಕವ್ವ ಎಣ್ಣಿ? ಕಾಯಿಗೆ ಈಜು ಕಲಿಸ್ತೀಯೇನು?" ಎಂದೆ.

ನಕ್ಕಳು. "ಇರ್ಲಿ ಬಿಡ್ರಿ ಮಾವಾರ."

ಅವಳು ತವರಿಗೆ ಹೋದ ವಾರ ನಾನು ಆ ಎಣ್ಣೆ ಬಸಿದುಕೊಂಡೆ. ದುರಾಸೆ ಅಲ್ಲ, ಜಾಣತನ ಅಂದುಕೊಂಡಿದ್ದೆ. ಎಣ್ಣೆ ಎಂದರೆ ನಮಗೆ ಊಟಕ್ಕೆ ಬಿಟ್ಟುಕೊಳ್ಳುವ ವಸ್ತು, ಜಾಡಿಯಲ್ಲಿ ಸುಮ್ಮನೆ ನಿಲ್ಲುವುದಲ್ಲ. ಒಂದು ಗಿಂಡಿ ತುಂಬ ಬಂತು. ಕೆಂಪಗೆ, ಸಾಸಿವೆಯ ಘಾಟು. ಶೇಂಗಾ ಚಟ್ನಿಗೆ ಹಾಕಿಕೊಂಡು ಎಂಟು ದಿನ ರೊಟ್ಟಿ ತಿಂದೆ. ಏನು ರುಚಿ ಅಂತೀರಿ? ಖಾಲಿ ಗಿಂಡಿಯನ್ನು ಮುಸುರೆ ಪಾತ್ರೆಗಳ ಜೊತೆ ಹಾಕಿದೆ.

ಮಳೆಗಾಲಕ್ಕೆ ಜಾಡಿ ತೆಗೆದರೆ ಮೇಲೆಲ್ಲ ಬಿಳಿ ಬೂಷ್ಟು. ಅವತ್ತೇ ಬೀಗರು ಬಂದು ಕೂತಿದ್ದರು. ಅವರ ಮುಂದೆ ನಾನಾಡಿದ ಮಾತು: "ಊರೆಲ್ಲ ಆವಕಾಯಿ ಆವಕಾಯಿ ಅಂತೀರಿ, ಮಗಳಿಗೆ ಕೈಗುಣನ ಕೊಟ್ಟು ಕಳಿಸಿಲ್ಲಲ್ರಿ."

ಗಂಡಸರು ನಕ್ಕರು. ಅವಳ ತಾಯಿ ನಗಲಿಲ್ಲ. ಸೊಸೆ ಜಾಡಿಯನ್ನು ಹಿತ್ತಲಿಗೆ ಒಯ್ದು, ತಿಪ್ಪೆಗೆ ಸುರಿದು, ತೊಳೆದು ಬೋರಲು ಹಾಕಿದಳು. ಆಮೇಲೆ ಅವಳು ಈ ಮನೆಯಲ್ಲಿ ಉಪ್ಪಿನಕಾಯಿ ಹಾಕಿಲ್ಲ.

ಕೆಟ್ಟದ್ದು ಯಾಕೆಂದು ನನಗೆ ಗೊತ್ತಿರಲಿಲ್ಲವೇ? ಅನುಮಾನ ಇತ್ತು. ಬಾಯಿ ಬಿಡಲಿಲ್ಲ.

ಹೋದ ತಿಂಗಳು ಸೊಸೆಯೊಂದಿಗೆ ಮರಳಿಗೆ ಹೋಗಿದ್ದೆ. ಅವಳ ತಾಯಿ ಅಂಗಳದಲ್ಲಿ ಕೂತು ಆವಕಾಯಿ ಕಲಸುತ್ತಿದ್ದರು. "ಅನ್ನಯ್ಯಗಾರು, ನಿಮ್ಮ ಪಾಲಿನ ಜಾಡಿ ರೆಡಿ ಐತಿ ನೋಡ್ರಿ," ಎಂದರು. ತೆಲುಗಿನಲ್ಲಿ ಅನ್ನಯ್ಯ ಎಂದರೆ ಅಣ್ಣ. ಪ್ರತಿ ವರ್ಷ ಕಳಿಸುತ್ತಾರೆ. "ಏನ್ಮಾಡೋದು, ನಮ್ಮ ಹುಡುಗಿಗೆ ಕೈ ಹತ್ತಲೇ ಇಲ್ಲ."

ಸುಮ್ಮನಿರಲಾರದೆ ಕೇಳಿದೆ. "ಮ್ಯಾಲಿನ ಎಣ್ಣಿ ತಗದ್ರ ಏನಾಕ್ಕೈತ್ರಿ?"

"ಅದನ್ನ ಯಾರಾದ್ರೂ ತೆಗೀತಾರೇನ್ರಿ? ಗಾಳಿ ಹತ್ತಿ ಬೂಷ್ಟು ಹಿಡೀತೈತಿ. ಎಣ್ಣಿ ಅಂದ್ರ ಕಾಯಿಗೆ ಕೌದಿ ಹೊಚ್ಚಿದಂಗ."

ಹೇಳುವುದಿದ್ದರೆ ಆಗಲೇ ಹೇಳಬೇಕಿತ್ತು. ನಾನು ಜಾಡಿಯ ಮುಚ್ಚಳ ತಿರುಗಿಸಿ ನೋಡಿದೆ. ಸೊಸೆ ನನ್ನತ್ತ ಒಮ್ಮೆ ನೋಡಿದಳು. ನೋಡಿ, ತಾಯಿಗೆ ತೆಲುಗಿನಲ್ಲಿ ಹೇಳಿದಳು, ಆವತ್ತು ತಾನೇ ಉಪ್ಪು ಕಡಿಮೆ ಹಾಕಿದ್ದಳಂತೆ. (ಅಷ್ಟು ತೆಲುಗು ನನಗೆ ತಿಳಿಯುತ್ತದೆ. ಆ ಕಡೆಯ ಬಸ್ಸಿನಲ್ಲಿ ಟಿಕೆಟ್ ಹರಿದವನಲ್ಲವೇ?)

ಗಂಗಾವತಿಯಲ್ಲಿ ಬಸ್ ಬದಲಿಸಿ ಕೂತ ಮೇಲೆ ಕೇಳಿದೆ, "ಖರೇನ ಉಪ್ಪು ಕಡಿಮಿ ಆಗಿತ್ತೇನವ್ವ?"

ಅವಳು ಕಿಟಕಿಯ ಹೊರಗೆ ಗದ್ದೆ ನೋಡುತ್ತಾ ಅಂದಳು, "ಆ ಎಣ್ಣಿ ಗಿಂಡಿ ತೊಳದಾಕಿ ನಾನ ಅಲ್ಲೇನ್ರೀ ಮಾವಾರ?"

ಹತ್ತು ವರ್ಷ! ಗೊತ್ತಿದ್ದೂ ಒಂದು ದಿನ ನನ್ನ ತಟ್ಟೆಗೆ ಚಟ್ನಿ ಕಡಿಮೆ ಬೀಳಲಿಲ್ಲ, ಒಂದು ಮಾತು ಬೀಳಲಿಲ್ಲ. ಆಗಲಾದರೂ ನಾನು ಬಾಯಿ ಬಿಟ್ಟೆನೇ? ಕೊಪ್ಪಳ ಮುಟ್ಟಲು ಇನ್ನೂ ಒಂದು ತಾಸಿನ ದಾರಿಯಿತ್ತು. ಟೈಮ್ ಸಿಗಲಿಲ್ಲ ಅನ್ನುವಂತೆಯೂ ಇಲ್ಲ. ಹಿರಿಯರು ಕಿರಿಯರ ಮುಂದೆ ತಗ್ಗಬಾರದು ಅಂತ ಕಲಿಸಿದವರು ಯಾರೋ, ಕಲಿತವನಂತೂ ನಾನೇ.

ನಿನ್ನೆ ಧೈರ್ಯ ಮಾಡಿ ಮರಳಿಗೆ ಫೋನ್ ಹಚ್ಚಿ ಬೀಗತಿಗೆ ಎಲ್ಲ ಹೇಳಿಬಿಟ್ಟೆ. ಅವರು ಮೆತ್ತಗೆ ಅಂದರು, "ಇದನ್ನ ಹೇಳಬೇಕಾದ್ದು ನನಗಲ್ಲ ಅನ್ನಯ್ಯಗಾರು."

ಹೌದು. ನಾನು ಕೈಯಲ್ಲಿ ಬರೆದ ಹಾಳೆಗಳ ಫೋಟೋ ತೆಗೆದು ಪೇಪರಿನವರಿಗೆ ವಾಟ್ಸಾಪ್ ಮಾಡುವವಳು ಸೊಸೆಯೇ. ಹಾಗಾಗಿ ಈ ಸಾಲನ್ನು ನಿಮಗಿಂತ ಮೊದಲು ಅವಳು ಓದುತ್ತಾಳೆ: ತಪ್ಪು ನಂದವ್ವ, ವಿಜಯಲಕ್ಷ್ಮಿ.