ಅಪ್ಪನ ಬಾಯಲ್ಲಿ ಅವ್ವನ ವಾದ

ಚರ್ಚಾಸ್ಪರ್ಧೆಯಲ್ಲಿ ಕಪ್ ಗೆಲ್ಲುವ ಮಗಳಿದ್ದರೆ ವಿಚ್ಛೇದನಕ್ಕೆ ನಿಂತ ತಂದೆತಾಯಿಗೆ ಒಂದು ಲಾಭವಿದೆ: ಬಿಟ್ಟಿ ವಕೀಲೆ ಸಿಗುತ್ತಾಳೆ. ನಾನಾಗ ಹನ್ನೆರಡನೆಯ ತರಗತಿಯಲ್ಲಿದ್ದೆ. ಪುಣೆಯ ಸದಾಶಿವ ಪೇಠದ ಚಿಕ್ಕ ಮನೆಯಲ್ಲಿ ಅಪ್ಪ ಅವ್ವ ಮಾತು ಬಿಟ್ಟು ತಿಂಗಳುಗಳಾಗಿದ್ದವು. ಸೋಮವಾರ ಕುಟುಂಬ ನ್ಯಾಯಾಲಯದ ಸಮಾಲೋಚಕಿ ನನ್ನನ್ನು ಕೇಳುವವರಿದ್ದರು: ಯಾರ ಜೊತೆ ಇರುತ್ತೀ, ಯಾಕೆ? ಆ ‘ಯಾಕೆ’ಗಾಗಿ ಇಬ್ಬರೂ ನನ್ನನ್ನು ತಯಾರು ಮಾಡುತ್ತಿದ್ದರು.

“ಊರ ಮಂದಿ ಮುಂದ ಗಂಟಲ ಹರಕೊಂಡು ಭಾಷಣ ಮಾಡ್ತಿ. ಹೆತ್ತವ್ವನ ಪರವಾಗಿ ನಾಕು ಮಾತು ಬರಂಗಿಲ್ಲೇನು?” ಎನ್ನುತ್ತಿದ್ದಳು ಅವ್ವ.

ಅಪ್ಪ ಬಟ್ಟೆ ಅಂಗಡಿಯಿಂದ ಬಂದು ಕಾಲು ತೊಳೆಯುತ್ತ, “ನಿಮ್ಮವ್ವ ಎಂಥಾಕಿ ಅಂತ ಖರೇ ಹೇಳು, ಸಾಕು. ಅದಕ್ಕ ಉಪ್ಪು ಖಾರ ಹಚ್ಚೂದ ಬ್ಯಾಡ,” ಎನ್ನುತ್ತಿದ್ದ.

ಒಬ್ಬರನ್ನು ಹೊಲಸು ಮಾಡಿ ಇನ್ನೊಬ್ಬರ ಮನೆಯಲ್ಲಿ ಉಣ್ಣುವ ಮನಸ್ಸು ನನಗಿರಲಿಲ್ಲ.

ನಮ್ಮ ಚರ್ಚಾತಂಡದಲ್ಲಿ ಒಂದು ರೂಢಿ ಇತ್ತು. ಸ್ಪರ್ಧೆಯ ಮುನ್ನಾದಿನ ಎದುರಾಳಿಯ ವಾದವನ್ನು ನಾವೇ ಮಂಡಿಸಬೇಕು. ಎದುರು ಕೂತವರು “ಹೌದು, ನನ್ನ ಮಾತು ಇದೇ” ಎನ್ನುವವರೆಗೆ ಬಿಡುವಂತಿಲ್ಲ. ಹೀಗೆ ಮಾಡಿದರೆ ಮನಸ್ಸು ಮೆತ್ತಗಾಗುತ್ತದೆ ಎಂದು ನಮ್ಮ ಮೇಷ್ಟ್ರು ಹೇಳುತ್ತಿದ್ದರು. ನಾನು ಪೂರ್ತಿ ನಂಬಿರಲಿಲ್ಲ, ಆದರೆ ಬೇರೆ ಉಪಾಯವೂ ಇರಲಿಲ್ಲ. ಭಾನುವಾರ ಮಧ್ಯಾಹ್ನದ ಊಟವಾದ ಮೇಲೆ ಇಬ್ಬರನ್ನೂ ಕೂರಿಸಿ ಹೇಳಿದೆ: ಯಾರು ಎದುರಿನವರ ದೂರನ್ನು ಚೆನ್ನಾಗಿ ಹೇಳುತ್ತೀರೋ, ನಾಳೆ ಅವರ ಪರ ಮಾತಾಡುತ್ತೇನೆ.

ಅಪ್ಪ ತಡವರಿಸಲಿಲ್ಲ. ಗಿರಾಕಿಯ ಮುಂದೆ ಸೀರೆ ಬಿಚ್ಚಿಟ್ಟಂತೆ, ಅವ್ವನಾಗಿ ಮಾತಾಡಿದ.

“ನಮ್ಮವ್ವ ವಿಜಾಪುರದಾಗ ಸಾಯಾಕ ಬಿದ್ದಿದ್ಲು. ಲಗ್ನದ ಸೀಜನ್, ಅಂಗಡಿ ಮುಚ್ಚಾಕ ಆಗಂಗಿಲ್ಲ ಅಂತ ಗಂಡ ನನ್ನೊಬ್ಬಾಕಿನ್ನ ಬಸ್ ಹತ್ತಿಸಿದ. ನಾ ಹೋಗೂದ್ರಾಗ ಮಣ್ಣು ಮಾಡಿದ್ರು. ತಿರುಗಿ ಬಂದೆ. ಹೊಸ್ತಿಲ ದಾಟೂದಕ್ಕ, ಚಹಾ ಮಾಡು ಅಂದ.”

ಅವ್ವ “ಹೌದು, ಇದೇ” ಎನ್ನಬೇಕಿತ್ತು. ಅದನ್ನು ಬಿಟ್ಟು ನೇರ ಅವನತ್ತ ತಿರುಗಿದಳು.

“ಇಷ್ಟು ಗೊತ್ತಿತ್ತೇನ್ರಿ ನಿಮಗ?”

“ಗೊತ್ತಿತ್ತು.”

“ಅವತ್ತೂ ಗೊತ್ತಿತ್ತು?”

“ಅವತ್ತೂ ಗೊತ್ತಿತ್ತು.”

“ಪಾಪ, ಗಂಡಸು, ತಿಳಿಯಂಗಿಲ್ಲ ಅಂತ ಇಷ್ಟು ವರ್ಷ ತಿಳಕೊಂಡಿದ್ದೆ ನಾ.”

ಅವನ ಪರವಾಗಿ ಅವಳ ಬಳಿ ಉಳಿದಿದ್ದ ವಾದ ಅದೊಂದೇ. ಅದೂ ಹೋಯಿತು.

ಈಗ ಅವಳ ಸರದಿ. ಅಪ್ಪನಾಗಿ ಮಾತಾಡಿದಳು. “ನನ್ನ ಹೆಂಡ್ತಿ ಖರಾಡಿಯೊಳಗಿನ ತನ್ನ ಆಫೀಸಿನ ಗೆಳತ್ಯಾರ್ನ ಅಂಗಡಿಗೆ ಕರಕೊಂಡು ಬಂದು, ನಾ ಮರಾಠಿ ಮಾತಾಡೂದನ್ನ ಅಣಕಿಸಿ ನಗಿಸಿದ್ಲು. ಅವತ್ತಿಂದ ಆಕಿ ಬಂದ್ರ ನಾ ಗಿರಾಕಿ ಜೋಡಿ ಬಾಯಿ ಬಿಡಂಗಿಲ್ಲ.”

ಅಪ್ಪ ಕೇಳಿದ, “ನಾ ಬಾಯಿ ಮುಚ್ಚೂದನ್ನ ನೋಡಿದ್ದಿಯೇನು ನೀ?”

“ಅದನ್ನ ನೋಡಾಕ ಅಂತನ ಮತ್ತ ಮತ್ತ ಬರ್ತಿದ್ದೆ.”

ಎದುರಿನವರನ್ನು ಅರ್ಥಮಾಡಿಕೊಂಡರೆ ಪ್ರೀತಿ ಹುಟ್ಟುತ್ತದೆ ಎನ್ನುವವರು ನಮ್ಮ ಮನೆಯಲ್ಲಿ ಒಂದು ಮಧ್ಯಾಹ್ನ ಕೂರಬೇಕಿತ್ತು. ಇವರಿಬ್ಬರೂ ಒಬ್ಬರನ್ನೊಬ್ಬರು ಚೆನ್ನಾಗಿ ಅರ್ಥಮಾಡಿಕೊಂಡಿದ್ದರು. ಎಲ್ಲಿ ಇರಿದರೆ ಎಷ್ಟು ಆಳಕ್ಕೆ ಹೋಗುತ್ತದೆ ಎಂಬುದು ಇಬ್ಬರಿಗೂ ಬಾಯಿಪಾಠವಾಗಿತ್ತು. ಆಮೇಲೆ ಸಂಜೆಯವರೆಗೆ ನೇರವಾಗಿ ಜಗಳಾಡಿದರು. ನಡುವೆ ನಾನು ಕೂತಿದ್ದೇನೆಂಬುದು ಇಬ್ಬರಿಗೂ ನೆನಪಿರಲಿಲ್ಲ. ಯಾರು ಗೆದ್ದರೆಂದೂ ಕೇಳಲಿಲ್ಲ.

ಸೋಮವಾರ ಸಮಾಲೋಚಕಿಯ ಕೋಣೆಯಲ್ಲಿ ನಾನು ಬಾಯಿ ತೆರೆಯುವ ಮೊದಲೇ ಅವ್ವ ಮರಾಠಿಯಲ್ಲಿ ಹೇಳಿದಳು: ನಮ್ಮ ವಿಷಯ ನಮ್ಮಿಬ್ಬರಿಗೆ ಗೊತ್ತಿದೆ, ಇವಳಿಂದ ಕಾರಣ ಕೇಳಬೇಡಿ. ಅಪ್ಪ ತಲೆಯಾಡಿಸಿದ. ಅವರಿಬ್ಬರೂ ಒಂದೇ ಪಕ್ಷದಲ್ಲಿ ನಿಂತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಅವ್ವನ ಜೊತೆ ಇರುತ್ತೇನೆ ಎಂದೆ. ಸಮಾಲೋಚಕಿ ಬರೆದುಕೊಂಡರು. ಯಾಕೆ ಎಂದು ಯಾರೂ ಕೇಳಲಿಲ್ಲ.