ಎಲ್ಲ ಗಿರಾಕಿಗಳಿಗೂ ಒಂದೇ ನಂಬರು

ಸಾಂತಾಕ್ರೂಜಿನ ಶೆಟ್ಟರ ಹೋಟೆಲಿಗೆ ಹೊಸ ಸಾಫ್ಟ್‌ವೇರ್ ಬರುವುದಿತ್ತು. ಅದನ್ನು ಪರೀಕ್ಷಿಸಲು, ದಿನವೂ ವ್ಯಾಪಾರ ನಡೆಯುವ ಡೇಟಾಬೇಸನ್ನು ಇನ್ನೊಂದು ಕಂಪ್ಯೂಟರಿಗೆ ನಕಲು ಮಾಡುವ ಕೆಲಸ ನನ್ನದು. ಲೋಕಲ್ ರೈಲಿನಲ್ಲಿ ನೇತಾಡಿಕೊಂಡು ಬಂದವನು ನಕಲು ಮುಗಿಯುವುದನ್ನೇ ಕಾಯುತ್ತ ಕೂತೆ. ಸೊಂಟ ಬಿದ್ದುಹೋಯಿತು.

"ನೋಡಿ ಮಾರಾಯ್ರೇ, ಆ ನಕಲಿನಿಂದ ನನ್ನ ಒಬ್ಬ ಗಿರಾಕಿಗೆ ಮೆಸೇಜ್ ಹೋದ್ರೂ ಈ ಕೆಲಸ ಬೇರೆಯವರಿಗೆ," ಎಂದು ಶೆಟ್ಟರು ಮೊದಲೇ ಹೇಳಿದ್ದರು.

ನ್ಯಾಯವಾದ ಮಾತು. ಹಾಗಾಗಿ ನಕಲಿನಲ್ಲಿದ್ದ ಗಿರಾಕಿಗಳ ಫೋನ್ ನಂಬರುಗಳನ್ನೆಲ್ಲ ಅಳಿಸಿ ಒಂದೇ ನಂಬರು ತುಂಬಿದೆ. ಅದು ಶೆಟ್ಟರದ್ದೇ ಆಗಿಬಿಟ್ಟದ್ದು ಕೇವಲ ಆಕಸ್ಮಿಕ. ನಂಬುವವರು ನಂಬಿ.

ಪರೀಕ್ಷೆ ಶುರುವಾಯಿತು. ಉಂಡವರಿಗೆಲ್ಲ ಹೋಗಬೇಕಾದ 'ಊಟ ಹೇಗಿತ್ತು?' ಎಂಬ ಮೆಸೇಜು, ಗಲ್ಲಾದಲ್ಲಿ ಕೂತಿದ್ದ ಶೆಟ್ಟರ ಫೋನಿಗೆ ಒಂದರ ಹಿಂದೊಂದು ಬರತೊಡಗಿತು.

"ಎಂತ ಅವಸ್ಥೆ ಮಾರಾಯ್ರೇ ಇದು! ನಿಲ್ಸಿ!"

"ಗಿರಾಕಿಗಳಿಗೆ ಒಂದೂ ಹೋಗಿಲ್ಲ ಶೆಟ್ರೇ," ಎಂದೆ ಆಕಳಿಸುತ್ತ. "ಒಂದಕ್ಕಾದ್ರೂ ಉತ್ತರ ಕೊಡಿ. ಅದೂ ಪರೀಕ್ಷೆ ಆಗ್ಬೇಕು."

ಅವರು ಬೇಸತ್ತು ಏನೋ ಒತ್ತಿದರು. ನನ್ನ ಪರದೆಯ ಮೇಲೆ ಮೂಡಿತು: 'ಸಾಂಬಾರು ಬರೀ ನೀರು.'

ಕೆಲಸವೇನೋ ನನಗೇ ಉಳಿಯಿತು. ಸಾಂಬಾರು ಮಾತ್ರ ಇಂದಿಗೂ ಹಾಗೆಯೇ ಇದೆ. ನಡೆಯುತ್ತಿರುವ ಹೋಟೆಲಿಗೆ ನಾನು ಕೈಹಾಕುವವನಲ್ಲ, ನನ್ನದೇನಿದ್ದರೂ ನಕಲಿನ ಮೇಲೆ.